ಅತ್ತೆಗೆ ಹೇಳಿಕೊಟ್ಟ ಎರಡು ಸಾಲು

ಕಣ್ಣಿಗೆ ಹನಿ ಹಾಕಿಸಿಕೊಂಡ ಸ್ವಲ್ಪ ಹೊತ್ತಿಗೆ ಅದರ ಕಹಿ ಗಂಟಲಿಗೆ ಇಳಿಯುತ್ತದೆ, ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಮೊನ್ನೆ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಆ ಕಹಿ ನುಂಗುತ್ತ ಕೂತಿದ್ದೆ. ಪಕ್ಕದಲ್ಲಿ ಮಗಳು ಸುಧಾ. ನನಗೆ ಮೋತಿಬಿಂದು, ಅಂದರೆ ಕಣ್ಣಿನ ಪೊರೆ; ಅದರ ಹಿಂದೆ ಸಕ್ಕರೆ ಕಾಯಿಲೆ ಕೆಡಿಸಿಟ್ಟ ಕಣ್ಣಿನ ಪರದೆ. ಆಪರೇಷನ್ ಆದ ಮೇಲೆ ಎಷ್ಟು ಕಂಡೀತು ಎಂದು ಅಂದಾಜು ಮಾಡುವ ಪರೀಕ್ಷೆ ಅಂದು. ನಾನು ಮೊದಲೇ ಅಂಜುಬುರುಕ, ಆದರೆ ಈ ಅಂಜಿಕೆಗೆ ಹಳೆಯ ಕಾರಣವಿತ್ತು.

ನನ್ನ ಸೋದರತ್ತೆಗೂ ಇದೇ ಆಗಿತ್ತು. ಹಳ್ಳಿಯ ಶಾಲೆಯಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು. ನನಗೂ ಅಲ್ಲಿ ಅಕ್ಷರ ತಿದ್ದಿಸಿದವಳು ಅವಳೇ. ಆಮೇಲೆ ಕೆಲಗೇರಿಯ ಕೆರೆ ದಂಡೆಯ ನಮ್ಮ ಮನೆಯಲ್ಲೇ ಇದ್ದಳು. ಕಣ್ಣು ಮಂಜಾದಾಗ ಅವಳಿಗೆ ಪೇಪರ್ ಓದುವ ಕೆಲಸ ನನಗೆ ಬಂತು. ನನ್ನ ಓದು ಅವಳಿಗೆ ಸೇರುತ್ತಿರಲಿಲ್ಲ.

"ಅಕ್ಷರ ಎಲ್ಲಾ ನುಂಗ್ತಿಯಲ್ಲೋ, ನಾ ಹಿಂಗ ಕಲಿಸಿದ್ನೇನು?" ಎನ್ನುವಳು. ಮತ್ತೆ ತಾನೇ ಓದಬೇಕು ಎಂಬುದೊಂದೇ ಅವಳ ಆಸೆ.

ನಾನು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಸಣ್ಣ ತೂತಿನ ಕಪ್ಪು ಬಿಲ್ಲೆಯೊಂದನ್ನು ಅವಳ ಕಣ್ಣಿಗೆ ಹಿಡಿಸಿ, ಎದುರಿಗೆ ದೀಪ ಬಿಟ್ಟ ಅಕ್ಷರದ ಕಾರ್ಡು ಇಟ್ಟರು. "ಮೋತಿಬಿಂದು ತಗೀಬಹುದ್ರಿ. ಆದ್ರ ಹಿಂದಿನ ಪರದೆ ಎಷ್ಟು ಉಳದೈತಿ ಅನ್ನೂದು ಈ ಮಬ್ಬಿನ್ಯಾಗ ನಮಗೂ ಪೂರ್ತಿ ತಿಳಿಯಂಗಿಲ್ಲ. ಇದರಾಗ ಎಷ್ಟು ಓದ್ತಾರ, ಮುಂದ ಹೆಚ್ಚುಕಡಿಮಿ ಅಷ್ಟು ಕಾಣತೈತಿ."

ಅತ್ತೆ ಮೊದಲ ಸಾಲು ಓದಿದಳು. ಎರಡನೆಯದಕ್ಕೆ ನಿಂತಳು. ಹಿಂದೆ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ನಾನು ತಡವರಿಸಿದಾಗ, ಇದೇ ಅತ್ತೆ ಅವರ ಬೆನ್ನ ಹಿಂದೆ ನಿಂತು ತುಟಿಯಲ್ಲೇ ಉತ್ತರ ಹೇಳಿಕೊಡುತ್ತಿದ್ದಳು. ನಮ್ಮವರು ಫೇಲಾಗುವುದನ್ನು ನೋಡುತ್ತ ನಿಲ್ಲುವುದು ನಮ್ಮ ಮನೆತನಕ್ಕೆ ಗೊತ್ತಿಲ್ಲ. ಡಾಕ್ಟರು ಬರೆಯಲು ತಲೆ ತಗ್ಗಿಸಿದ್ದೇ ತಡ, ನಾನು ಬಗ್ಗಿ ಅವಳ ಕಿವಿಯಲ್ಲಿ "ಗ, ಟ, ಲ" ಎಂದೆ. ಅತ್ತೆ ಗಟ್ಟಿಯಾಗಿ "ಗ, ಟ, ಲ" ಎಂದಳು. ಮೂರನೆಯ ಸಾಲಿಗೂ ಹಾಗೇ.

"ಛಲೋ ಐತ್ರಿ. ಪೇಪರ್ ಓದ್ತಾರ," ಎಂದರು ಡಾಕ್ಟರು.

ಮನೆಗೆ ಬಂದ ಅತ್ತೆ ನನ್ನ ಓದನ್ನು ನಿಲ್ಲಿಸಿಬಿಟ್ಟಳು. "ಎಲ್ಲಾ ತಗದಿಡು, ನಾನ ಓದ್ತೇನಿ." ದಿನದ ಪೇಪರುಗಳು ಅವಳ ದಿಂಬಿನ ಪಕ್ಕದಲ್ಲಿ ಮಡಿಕೆ ಬಿಚ್ಚದೆ ಕೂತವು. ಆ ರಾಶಿ ಬೆಳೆದಂತೆ ನನಗೆ ಊಟ ಸೇರದಾಯಿತು. ಆಸ್ಪತ್ರೆಯಿಂದ ತಾರೀಖು ಹೇಳಲು ಫೋನ್ ಬಂದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. ಆದರೆ ನಿಜ ಹೇಳಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತೆ ಗೋಡೆ ಹಿಡಿಯದೆ ನಡೆದಳು, ಕೆರೆಯ ನೀರು ಹೊಳೆಯುವುದನ್ನು ಕಂಡು ಹಿಗ್ಗಿದಳು. ಆಮೇಲೆ ದಿಂಬಿನ ಪಕ್ಕದ ರಾಶಿಯಿಂದ ಮೇಲಿನ ಪೇಪರ್ ತೆಗೆದು ಬಿಚ್ಚಿದಳು. ಕತ್ತು ಆ ಕಡೆ ಓರೆ ಮಾಡಿದಳು, ಈ ಕಡೆ ಮಾಡಿದಳು.

"ನಡುವ ಕರೀ ಕಲೆ ಕುಂತೈತೋ. ನೋಡಿದ ಅಕ್ಷರಾನ ಮಾಯ ಆಗತೈತಿ."

ನಾನು ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ. "ನನಗ ಕಂಡಿಲ್ಲ ಅನ್ನೂದು ನನಗ ಗೊತ್ತಿತ್ತಲ್ಲೋ. ಆದ್ರೂ ಡಾಕ್ಟರು ಓದ್ತಾರ ಅಂದ್ರು ನೋಡು, ನಾನೂ ನಂಬಿಬಿಟ್ಟೆ." ಪೇಪರ್ ಮಡಚಿ ನನ್ನ ಕೈಗೆ ಕೊಟ್ಟಳು. "ಓದು. ನುಂಗಬ್ಯಾಡ."

ಅವತ್ತು ಒಂದು ವಾಕ್ಯ ಮುಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಮೊನ್ನೆ ನನ್ನನ್ನು ಒಳಗೆ ಕರೆದರು; ಸುಧಾಳೂ ಜೊತೆಗೆ ಬಂದಳು. ಅಂಥದೇ ಬಿಲ್ಲೆಯ ತೂತಿನಲ್ಲಿ ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದರಲ್ಲಿ ಬರೀ ಬಿಳಿ ಬೆಳಕು. ಇಷ್ಟೇ ಉಳಿದಿದ್ದರೆ ಮುಂದೇನು ಎಂದು ಬೆವೆತುಹೋದೆ. ಅಷ್ಟರಲ್ಲಿ ಕಿವಿಯ ಹತ್ತಿರ ಸುಧಾಳ ಪಿಸುಮಾತು: "ಅಪ್ಪಾ, ಮ..."

"ಸುಮ್ನಿರವ್ವಾ," ಎಂದೆ. ಆಸೆಯಾಗಲಿಲ್ಲವೆಂದರೆ ಸುಳ್ಳು; ಆ ಒಂದು ಅಕ್ಷರ ನಾಲಿಗೆ ತುದಿಗೆ ಬಂದಿತ್ತು.

"ಇದು ನನಗ ಕಾಣವಲ್ದ್ರೀ, ಡಾಕ್ಟರ್."

ಡಾಕ್ಟರು ಅದನ್ನು ಬರೆದುಕೊಂಡರು. ಸುಧಾ ನನ್ನ ಭುಜದ ಮೇಲೆ ಕೈಯಿಟ್ಟಳು. ಆ ಕೈಯನ್ನು ನಾನು ಹಿಡಿದುಕೊಂಡೆ.