ಮನಸ್ಸಿಲ್ಲದ ಮನಸ್ಸಿಗೆ ಎಷ್ಟು ಹೆಸರು!

ಇಂಗ್ಲಿಷಿನಲ್ಲಿ ಮನಸ್ಸಿಲ್ಲದವರಿಗೆ ಇರುವಷ್ಟು ಹೆಸರು ಮನಸ್ಸಿರುವವರಿಗೆ ಇಲ್ಲ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿರುವ ನನಗೆ ಇದು ಹೊಳೆದದ್ದು ಮೊನ್ನೆ ಮೊನ್ನೆ, ಅದೂ ಸಂಕಟದಲ್ಲಿ.

ಸಂಕಟ ಇಷ್ಟೇ. ನಮ್ಮ ಕಾಲೇಜಿನ ಗ್ರಂಥಪಾಲಕಿ ವಾರಿಜಾ ಅವರನ್ನು ನಾನು ಮದುವೆಗೆ ಕೇಳಿದ್ದೆ. ಇಬ್ಬರಿಗೂ ನಲವತ್ತು ದಾಟಿದೆ. ನಮಗೆ ಹೆಣ್ಣು ಗಂಡು ಹುಡುಕುವ ಉತ್ಸಾಹ ನೆಂಟರಲ್ಲಿ ಎಂದೋ ಆರಿಹೋಗಿದೆ. ವಾರಿಜಾ ಸಿದ್ದಕಟ್ಟೆಯ ತಮ್ಮ ಮನೆಗೆ ಹೋಗುವ ಬಂಟ್ವಾಳದ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟು, "ನೋಡುವ ಸರ್" ಎಂದರು. ಬಸ್ಸು ಹೊರಟುಹೋಯಿತು.

ನಮ್ಮೂರಿನ ‘ನೋಡುವ’ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಇಲ್ಲಿ ಯಾರೂ ಮುಖಕ್ಕೆ ಹೊಡೆದಂತೆ ‘ಆಗುವುದಿಲ್ಲ’ ಎನ್ನುವುದಿಲ್ಲ, ‘ನೋಡುವ’, ಅಂದರೆ ನೋಡೋಣ, ಎನ್ನುತ್ತಾರೆ. ಬೆಳ್ತಂಗಡಿಯಲ್ಲಿರುವ ನನ್ನ ಭಾವನನ್ನು ಒಮ್ಮೆ ಮನೆಗೆ ಬಾ ಎಂದು ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದೇನೆ. "ಬರುವ ಮಾರಾಯ, ನೋಡುವ" ಎನ್ನುತ್ತಾನೆ. ಅವನನ್ನು ನೋಡಬೇಕಾದರೆ ನಾನೇ ಹೋಗಬೇಕು.

ವಾರಿಜಾ ‘ನೋಡುವ’ ಎಂದ ದಿನದಿಂದ ನಾನು ಕುಳಿತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚಹಾ ಮಾಡುವುದು, ಕುಡಿಯಲು ಮರೆಯುವುದು. ಗ್ರಂಥಾಲಯದ ಬಾಗಿಲಿನವರೆಗೆ ಹೋಗುವುದು, ಏನೋ ಮರೆತವನಂತೆ ಹಿಂದೆ ಬರುವುದು. ಗ್ರಹಚಾರಕ್ಕೆ ಆ ವಾರದ ಪಾಠವೂ ಅದೇ: ಒಲ್ಲದ ಮನಸ್ಸಿನ ಸಮಾನಾರ್ಥಕ ಪದಗಳು.

ಅನ್‌ವಿಲ್ಲಿಂಗ್ ಎಂದರೆ ಬಾಗಿಲಿಗೆ ಚಿಲಕ ಹಾಕಿದವನು, ಅವನ ಆಸೆ ಬಿಡಿ. ರಿಲಕ್ಟಂಟ್ ಹಾಗಲ್ಲ, ಗೊಣಗುತ್ತಾನೆ, ಆದರೆ ಕೊನೆಗೆ ಅಂಗಿ ಹಾಕಿಕೊಂಡು ನೆಂಟರ ಗೃಹಪ್ರವೇಶಕ್ಕೆ ಹೊರಡುತ್ತಾನೆ. ಡಿಸ್‌ಇನ್‌ಕ್ಲೈನ್ಡ್ ಎಂಬುದು ಇಸ್ತ್ರಿ ಹಾಕಿದ ‘ಬೇಡ’, ಕಚೇರಿಗಳಲ್ಲಿ ಹೆಚ್ಚು. ಲೋತ್ ಎಂಬವನಿಗೆ ಆ ಕೆಲಸ ನೆನೆದರೇ ಜೀವ ಹಿಂಜರಿಯುತ್ತದೆ. ಇಂಗ್ಲಿಷಿನವರು ತಮ್ಮ ತಪ್ಪು ಒಪ್ಪಿಕೊಳ್ಳುವಾಗ ‘ಒಪ್ಪಿಕೊಳ್ಳಲು ಲೋತ್, ಆದರೂ’ ಎಂದು ಈ ಪದವನ್ನು ಮುಂದಿಡುತ್ತಾರೆ. ಅವರ್ಸ್ ಎಂದರೆ ಹುಟ್ಟುಗುಣದ ಒಲ್ಲೆ, ಕೆಲವರಿಗೆ ಹಾಗಲಕಾಯಿ ಇದ್ದಂತೆ. ತಮಾಷೆಯೆಂದರೆ, ಗುಂಡಿನ ವಿಷಯದಲ್ಲಿ ಒಬ್ಬ ತಾನು ಅವರ್ಸ್ ಅಲ್ಲ ಎಂದರೆ ಅವನಿಗೆ ಕೂಡಲೇ ಒಂದು ಗ್ಲಾಸು ತುಂಬಿಸಿ ಕೊಡಬೇಕು. ನಮ್ಮ ಕನ್ನಡವಾದರೋ ಇಷ್ಟೆಲ್ಲ ಗೋಜಿಗೆ ಹೋಗದೆ ‘ಮನಸ್ಸಿಲ್ಲದ ಮನಸ್ಸಿನಿಂದ’ ಎಂದುಬಿಟ್ಟಿತು. ಇಲ್ಲದ ಮನಸ್ಸಿನಿಂದಲೇ ಕೆಲಸ ಮಾಡಿಸುವ ಜಾಣತನ ಯಾವ ಇಂಗ್ಲಿಷ್ ದೊರೆಗೂ ಹೊಳೆದಿರಲಿಲ್ಲ.

ಪಾಠ ಮಾಡುತ್ತಲೇ ವಾರಿಜಾ ಅವರನ್ನು ಒಂದೊಂದು ಪದಕ್ಕೂ ಹೊಂದಿಸಿ ನೋಡುತ್ತಿದ್ದೆ. ರಿಲಕ್ಟಂಟ್ ಆಗಿರಲಿ ದೇವರೇ, ಅವರ್ಸ್ ಆಗದಿರಲಿ. ಬಾಗಲಕೋಟೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಸರ್, ನಮ್ಮ ಕಡೆ ಇಷ್ಟೆಲ್ಲಾ ಇಲ್ರೀ. ಒಲ್ಲೆ ಅಂದ್ರ ಒಲ್ಲೆ, ಹೂಂ ಅಂದ್ರ ಹೂಂ."

ತರಗತಿ ನಕ್ಕಿತು. ನನಗೆ ಅವಳ ಊರಿನ ಮೇಲೆ ಹೊಟ್ಟೆಕಿಚ್ಚಾಯಿತು.

ಸಂಜೆ ತಡೆಯಲಾರದೆ ಬಸ್‌ಸ್ಟ್ಯಾಂಡಿಗೆ ನಡೆದೆ. ವಾರಿಜಾ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಕಿಟಕಿಯ ಕೆಳಗೆ ನಿಂತು, ನಿಮಗೆ ಮನಸ್ಸಿಲ್ಲದಿದ್ದರೆ ಹೇಳಿಬಿಡಿ ಎಂದೆ.

"ಆ ದಿನ ನೀವು ಕೇಳಿದ್ದು ನೆನಪುಂಟಾ ಸರ್? ‘ಒತ್ತಾಯ ಇಲ್ಲ, ಬೇಡದಿದ್ರೆ ನಾನು ಕೇಳಲೇ ಇಲ್ಲ ಅಂತ ಎಣಿಸಿಕೊಳ್ಳಿ’ ಅಂದ್ರಿ. ಮನಸ್ಸಿಲ್ಲದ್ದು ನನಗಾ, ನಿಮಗಾ? ಒಂದು ವಾರದಿಂದ ನಾನು ಅದನ್ನೇ ಆಲೋಚನೆ ಮಾಡ್ತಾ ಇದ್ದೇನೆ."

ಅವರ ಒಲ್ಲದ ಮನಸ್ಸಿಗೆ ಹೆಸರು ಹುಡುಕುತ್ತ ವಾರವಿಡೀ ಒದ್ದಾಡಿದೆನಲ್ಲ, ಆ ಹೆಸರುಗಳೆಲ್ಲ ನನ್ನ ಪ್ರಶ್ನೆಯಲ್ಲೇ ಸಾಲಾಗಿ ಕುಳಿತಿದ್ದವು. ನನಗೆ ಮನಸ್ಸಿಲ್ಲದೆ ಅಲ್ಲ, ಹೆದರಿಕೆ. ಬೇಡ ಎಂದಾರು ಎಂಬ ಹೆದರಿಕೆಯಿಂದ ಅವರ ಪರವಾಗಿ ‘ಬೇಡ’ವನ್ನೂ ನಾನೇ ಹೇಳಿ ಬಂದಿದ್ದೆ.

"ಸರ್, ನೀವು ಹತ್ತುದಾ, ನಿಲ್ಲುದಾ? ಟೈಮಾಯ್ತು ಮಾರಾಯ್ರೆ" ಎಂದು ಕಂಡಕ್ಟರ್ ಕೂಗಿದ.

ನನ್ನ ಮನೆ ಶಿರ್ತಾಡಿಯಲ್ಲಿ. ಈ ಬಸ್ಸು ಹೋಗುವುದು ಬೇರೆಯೇ ದಿಕ್ಕಿಗೆ. ಹತ್ತಿದೆ. ಸರಳು ಹಿಡಿದು ಅವರ ಪಕ್ಕದಲ್ಲಿ ನಿಂತು, "ನನಗೆ ನಿಮ್ಮನ್ನೇ ಮದುವೆಯಾಗಬೇಕು" ಎಂದೆ. ಧ್ವನಿ ತರಗತಿಯ ಹಿಂದಿನ ಬೆಂಚಿಗೆ ಮುಟ್ಟುವಷ್ಟಿತ್ತೆಂದು ಕಾಣುತ್ತದೆ. ಮೀನಿನ ಬುಟ್ಟಿ ಹಿಡಿದಿದ್ದ ಹೆಂಗಸೊಬ್ಬಳು ತಿರುಗಿ ನೋಡಿ ನಕ್ಕಳು. ವಾರಿಜಾ ಕಿಟಕಿಯಾಚೆ ತಿರುಗಿದರು.

ಕಂಡಕ್ಟರ್ ಬಂದು, "ಎಲ್ಲಿಗೆ ಸರ್?" ಎಂದ. ನನಗೇ ಗೊತ್ತಿರಲಿಲ್ಲ.

"ಸಿದ್ದಕಟ್ಟೆ, ಎರಡು" ಎಂದರು ವಾರಿಜಾ.

ನಾನು ಗಡಿಬಿಡಿಯಲ್ಲಿ ಜೇಬಿಗೆ ಕೈಹಾಕಿದೆ. "ಬೇಡ" ಎಂದು ಅವರು ನನ್ನ ಕೈ ತಡೆದರು. ಅಷ್ಟು ಸ್ಪಷ್ಟವಾದ ‘ಬೇಡ’ವನ್ನು ನಮ್ಮ ಜಿಲ್ಲೆಯಲ್ಲಿ ನಾನು ಕೇಳಿದ್ದು ಅದೇ ಮೊದಲು, ಅಷ್ಟು ಸಂತೋಷಪಟ್ಟದ್ದೂ ಅದೇ ಮೊದಲು.