ಅಕ್ಕೋರ ಎರಡು ಹಲ್ಲು

ನನ್ನ ಜೀವಕ್ಕೆ ಬಿದ್ದ ಬೆಲೆ ಎರಡು ಹಲ್ಲು. ಅದೂ ನನ್ನವಲ್ಲ, ಅಕ್ಕೋರವು. ಮೇಲಿನ ಸಾಲಿನ ನಟ್ಟನಡುವಿನವು. ಅವು ಹೋದ ಮೇಲೆ ಅಕ್ಕೋರು 'ಸ' ಎಂದಾಗೆಲ್ಲ ಸಣ್ಣ ಸಿಳ್ಳೆ ಬರುತ್ತಿತ್ತು. ಸಂಡೇ ಸ್ಕೂಲಿನ ಮಕ್ಕಳು 'ಸಂತೋಷ', 'ಸಮಾಧಾನ' ಎಂಬ ಮಾತುಗಳನ್ನು ಬೇಕೆಂದೇ ಅವರ ಬಾಯಿಂದ ಹೇಳಿಸುತ್ತಿದ್ದರು. "ನಗ್ರಿ ನಗ್ರಿ, ಟಿಕೆಟ್ ಇಲ್ಲದ ಸರ್ಕಸ್," ಎಂದು ಅವರೂ ನಗುತ್ತಿದ್ದರು.

ನಾನು ಚೌಕಾಸಿ ಮಾಡಿಯೇ ಬದುಕು ಕಟ್ಟಿಕೊಂಡವಳು. ವಿಕ್ರೋಳಿಯ ಚಾಳುಗಳಲ್ಲಿ ಬುಟ್ಟಿ ಹೊತ್ತು, ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಟ್ಟವಳು. ಅಷ್ಟು ದುಬಾರಿ ವ್ಯಾಪಾರವನ್ನು ಮತ್ತೆಂದೂ ಕಾಣಲಿಲ್ಲ.

ಅಕ್ಕೋರೆಂದರೆ ನಮ್ಮ ಗದಗದ ಕಡೆ ಟೀಚರಮ್ಮ. ಇವರು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ, ನಮ್ಮ ಚಾಳಿನಲ್ಲೇ ಎದುರಿನ ಖೋಲಿಯಲ್ಲಿ ಒಬ್ಬರೇ ಇದ್ದರು. ಯಾರಾದರೂ ಬೈಬಲ್ ವಚನ ಹೇಳಿದರೆ ತೋರುಬೆರಳನ್ನು ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ ಮಾಡುತ್ತಿದ್ದರು. "ಮ್ಯಾಲಿಂದು ಓದು, ಕೆಳಗಿಂದು ಓದು. ನಡುವಿಂದ ಒಂದು ತುಂಡು ಕಿತ್ತರ ಅದು ವಚನ ಅಲ್ಲವಾ, ಒಗಿಯೋ ಕಲ್ಲು."

ಆ ಕಲ್ಲು ನಮ್ಮ ಮನೆಯ ಗೋಡೆಯ ಮೇಲೇ ತೂಗುತ್ತಿತ್ತು. ನಮ್ಮ ಚರ್ಚ್ ಸಭೆಯವರ ಮನೆಗಳಲ್ಲಿ ಗೋಡೆಗೊಂದು ವಚನ ಇರುವುದು ವಾಡಿಕೆ. ಹೆಚ್ಚಿನವು ಕುರುಬ, ಕುರಿ, ಹಸಿರು ಹುಲ್ಲಿನವು. ನನ್ನ ಗಂಡ ಮಾತ್ರ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ಸಾಲೊಂದನ್ನೇ ಬೋರ್ಡ್ ಪೇಂಟರನಿಂದ ಬರೆಸಿ, ದಪ್ಪ ಗಾಜು ಹಾಕಿಸಿದ್ದ. ಕುಡುಕನಲ್ಲ, ಬೀಡಿ ಸಹ ಸೇದದ ಭಕ್ತ. ಹೊಡೆಯುವ ಮೊದಲು "ಓದು" ಎನ್ನುತ್ತಿದ್ದ. ನಾನು ಓದಿ ಮುಗಿಸಿದ ಮೇಲೆ ಬೆಲ್ಟು ಬಿಚ್ಚುತ್ತಿದ್ದ. ಬೆನ್ನಿನ ಬಾಸುಂಡೆ ತೋರಿಸಿದರೆ ಸಭೆಯ ಹಿರಿಯರು, "ವಚನ ಐತೆಲ್ಲವಾ, ತಗ್ಗಿ ನಡಿ," ಎಂದಿದ್ದರು.

ಎಂಬತ್ತರ ದಶಕದ ನಡುವಿನ ಒಂದು ಭಾನುವಾರ, ಮಧ್ಯಾಹ್ನ ನಮ್ಮಲ್ಲಿ ಮನೆ ಪ್ರಾರ್ಥನೆ. ಚಹಾ ತಡವಾಯಿತು. ಅಷ್ಟು ಜನರ ಎದುರಿಗೇ ಅವನು ನನ್ನ ಜಡೆ ಹಿಡಿದು ಗೋಡೆಗೆ ತಿರುಗಿಸಿ, "ಓದು," ಎಂದ.

ಅಕ್ಕೋರು ಎದ್ದು ಬಂದು ಅವನ ಮುಂದೆ ಬೈಬಲ್ ತೆರೆದು ಹಿಡಿದರು. "ನೀ ಓದು ತಮ್ಮಾ. ಆ ಸಾಲಿನ ಮ್ಯಾಲೆ ಏನೈತಿ? ಒಬ್ಬರಿಗೊಬ್ಬರು ತಗ್ಗಿ ನಡೀರಿ ಅಂತೈತಿ. ಕೆಳಗ ಏನೈತಿ? ಗಂಡಾದಂವ ಹೆಂಡತಿ ಸಲುವಾಗಿ ಜೀವಾ ಕೊಡೋ ಅಷ್ಟು ಪ್ರೀತಿ ಮಾಡಬೇಕು ಅಂತೈತಿ. ನೀ ಯಾವಾಗ ಕೊಡಾಂವ?"

ಯಾರೋ ಕಿಸಕ್ಕನೆ ನಕ್ಕರು. ಆ ನಗೆಯೇ ಕಿಡಿಯಾಯಿತು. ಅವನು ಗೋಡೆಯ ಚೌಕಟ್ಟನ್ನು ಕಿತ್ತು ನನ್ನ ತಲೆಗೆ ಬೀಸಿದ. ಅಕ್ಕೋರು ನಡುವೆ ಬಂದರು. ಚೌಕಟ್ಟಿನ ಮೂಲೆ ಅವರ ಬಾಯಿಗೆ ಬಡಿಯಿತು. ಗಾಜು ಚೂರಾಯಿತು, ಬಿಳಿ ಸೀರೆಯ ಎದೆಯೆಲ್ಲ ಕೆಂಪಾಯಿತು, ಎರಡು ಹಲ್ಲು ಕಿತ್ತು, ಒಂದು ಬಿಸ್ಕತ್ತಿನ ತಟ್ಟೆಯಲ್ಲಿ ಬಿತ್ತು.

ಅವನು ನನ್ನ ಕುತ್ತಿಗೆಗೆ ಕೈ ಹಾಕಿದ. ಮಸಾಲೆ ಕುಟ್ಟುವ ಕಬ್ಬಿಣದ ಬತ್ತಾ ನನ್ನ ಕೈಗೆ ಸಿಕ್ಕಿತು, ಹೆಗಲಿಗೆ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿಸಿತು. ಅವನು ಗಾಜಿನ ಮೇಲೆ ಬಿದ್ದ. ಎರಡನೆಯ ಏಟಿಗೆ ಬತ್ತಾ ಎತ್ತಿದೆ, ಈ ಸಲ ತಲೆಗೆ. ತಗ್ಗಿ ನಡಿ ಎಂದಿದ್ದ ಅದೇ ಹಿರಿಯರು ಈಗ, "ಹೊಡಿಯವಾ! ಹಲ್ಲಿಗೆ ಹಲ್ಲು ಅಂತ ಬೈಬಲ್ಲ ಹೇಳೇತಿ!" ಎಂದು ಕೂಗಿದರು.

ಅಕ್ಕೋರು ನನ್ನ ಮಣಿಕಟ್ಟು ಹಿಡಿದರು. ಬಾಯ ತುಂಬ ರಕ್ತ, ಆದರೂ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಹಲ್ಲಿಗೆ ಹಲ್ಲು ಅಂದೈತಿ, ಹಲ್ಲಿಗೆ ತಲಿ ಅಂದಿಲ್ಲ. ಆಗಿನ ಮಂದಿ ಒಂದು ಹಲ್ಲಿಗೆ ಇಡೀ ಮನಿತನಾ ಕಡೀತಿದ್ರು. ಅವರ ಕೈಗೆ ಹಾಕಿದ ಹಗ್ಗ ಅದು, ಕೈಗೆ ಕೊಟ್ಟ ಕೊಡಲಿ ಅಲ್ಲ. ಮುಂದ ಯೇಸುಸ್ವಾಮಿ ಅದನ್ನೂ ಬಿಡ್ರಿ ಅಂದ. ಮತ್ತ ಹೋಗಿದ್ದು ನನ್ನ ಹಲ್ಲು ತಂಗೀ. ಅದಕ್ಕ ಬದಲಿ ನಾ ಕೇಳವಲ್ಲೆ."

ಬತ್ತಾ ಕೆಳಗಿಟ್ಟೆ. ಬಿದ್ದಲ್ಲಿಂದಲೇ ಅವನು, "ಕ್ಷಮಿಸ್ರಿ ಅಕ್ಕೋರ, ಲೆಕ್ಕ ಇಡದ ಕ್ಷಮಿಸಬೇಕು ಅಂತ ಬರದೈತೆಲ್ಲ," ಎಂದು ನರಳಿದ. ಆ ಸ್ಥಿತಿಯಲ್ಲೂ ತನಗೆ ಬೇಕಾದ ತುಂಡೇ ಸಿಕ್ಕಿತ್ತು ಅವನಿಗೆ!

"ಕ್ಷಮಿಸೀನಿ," ಎಂದರು ಅಕ್ಕೋರು, ಸೆರಗಿನಿಂದ ಬಾಯಿ ಒತ್ತಿಕೊಂಡು. "ಇನ್ನ ಏಳು. ಮೊದಲ ದವಾಖಾನಿ, ಆಮ್ಯಾಲೆ ಪೊಲೀಸ್ ಚೌಕಿ. ಕ್ಷಮಿಸಿದ ಮ್ಯಾಲೆ ಚೌಕಿಗೆ ಹೋಗಬಾರದು ಅಂತ ಬೈಬಲ್ಲಿನ ಯಾವ ಪಾನಿನ್ಯಾಗೂ ಇಲ್ಲ."

ಹೋದರು. ನನ್ನ ಏಟನ್ನೂ ಮುಚ್ಚಿಡದೆ ಎಲ್ಲ ಬರೆಸಿದರು. ಅಂದಿನಿಂದ ನಾನು ಅವರ ಖೋಲಿಯಲ್ಲೇ ಉಳಿದೆ. ಅವನು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಕಾಂದಿವಲಿಯಲ್ಲಿ ನನ್ನದೇ ಪಾತ್ರೆ ಅಂಗಡಿ ಆದಾಗ, ಹಲ್ಲು ಕಟ್ಟಿಸುತ್ತೇನೆ ಬನ್ನಿ ಎಂದು ದುಂಬಾಲು ಬಿದ್ದೆ. ಎಂಥೆಂಥ ಗಿರಾಕಿಯನ್ನು ಒಪ್ಪಿಸಿದ ನನಗೆ ಅವರೊಬ್ಬರು ಬಗ್ಗಲಿಲ್ಲ. "ಈ ಸಂದಿ ಇರಲಿ ಬಿಡ. ಹೊಸದಾಗಿ ಲಗ್ನ ಆದ ಹುಡುಗ್ಯಾರು ಏನಾತ್ರಿ ಅಂತ ಕೇಳ್ತಾರ. ಹೇಳಾಕ ಒಂದು ನೆಪ."

ತೊಂಬತ್ತರ ಆಚೆ, ಒಂದು ಮಳೆಗಾಲದಲ್ಲಿ ನನ್ನ ಮನೆಯಲ್ಲೇ ತೀರಿಕೊಂಡರು. ಪೆಟ್ಟಿಗೆಯಲ್ಲಿ ಮಲಗಿಸಿದಾಗ ತುಟಿ ಕೊಂಚ ತೆರೆದಿತ್ತು. ಆ ಸಂದಿ ಕಾಣುತ್ತಿತ್ತು. ಹಿರಿಯರು ಬಾಯಿ ಮುಚ್ಚಿಸಲು ಬಟ್ಟೆ ಕಟ್ಟಹೋದರು. "ಇರಲಿ ಬಿಡ್ರಿ," ಎಂದೆ, "ನೀವೂ ನೋಡ್ರಿ."

ನಿಮಗೆ ನನ್ನ ಸಲಹೆ ಇಷ್ಟೇ. ಬೈಬಲ್ ಇರಲಿ, ಬಾಡಿಗೆಯ ಕರಾರಿರಲಿ, ಯಾರಾದರೂ ಒಂದೇ ಸಾಲು ತೋರಿಸಿ ತಲೆ ಬಗ್ಗಿಸು ಎಂದರೆ ಇಡೀ ಪುಟ ಕೇಳಿ. ಕೊಟ್ಟರೆ ಕೂತು ಮೇಲಿನದನ್ನೂ ಕೆಳಗಿನದನ್ನೂ ಓದಿ. ಕೊಡದಿದ್ದರೆ ಬಾಗಿಲಿಗೆ ಹತ್ತಿರವಾಗಿ ನಿಲ್ಲಿ, ನೆರೆಯವರನ್ನು ಕೂಗಿ. ಎಲ್ಲರ ಪಾಲಿಗೂ ಒಬ್ಬ ಅಕ್ಕೋರು ಎದ್ದು ಬರುವುದಿಲ್ಲ.