ಖಾಲಿ ಗೋಡೆಗೆ ಮೂರು ಫೋಕಸ್ ಲೈಟು

ಹೋದ ಸೋಮವಾರ ಸಂಜೆ ಎದುರುಮನೆಯ ಪದ್ಮಕ್ಕ ನಮ್ಮ ಮನೆಗೆ ಬಂದರು. ಹಾಲ್‌ಗೆ ಕಾಲಿಟ್ಟವರೇ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಎದುರಿನ ಗೋಡೆಗೆ ಭಕ್ತಿಯಿಂದ ಕೈ ಮುಗಿದರು. ಕಣ್ಣು ಬಿಟ್ಟು ನೋಡಿದರೆ ಗೋಡೆಯ ಮೇಲೆ ಏನೂ ಇಲ್ಲ!

"ದೇವ್ರು ಎಲ್ಲಿ ಅದಾನ್ರಿ ಸರ?" ಅಂದರು.

"ಇನ್ನೂ ಬಂದಿಲ್ರಿ. ಸದ್ಯಕ್ಕ ಬರೇ ಲೈಟ್ ಬಂದಾವ" ಅಂದೆ.

ಅವರದೇನೂ ತಪ್ಪಿಲ್ಲ. ಮಬ್ಬುಗತ್ತಲ ಕೋಣೆಯಲ್ಲಿ ಒಂದೇ ಜಾಗದ ಮೇಲೆ ಮೂರು ದೀಪ ಸುರಿಯುತ್ತಿದ್ದರೆ ನಮ್ಮ ಕಡೆಯವರ ಕೈ ತಾನಾಗಿಯೇ ಮೇಲೇಳುತ್ತದೆ. ಪೇಪರ್ ಹಾಕುವವರು, ಗ್ಯಾಸ್ ತಂದವರು, ಎಲ್ಲರೂ ಆ ಗೋಡೆಗೆ ಒಂದೊಂದು ನಮಸ್ಕಾರ ಹಾಕಿ ಹೋಗಿದ್ದಾರೆ. ನಾನೇ ಒಮ್ಮೆ ಹಾಕಿದ್ದೇನೆ (ಯಾರಿಗೂ ಹೇಳಬೇಡಿ).

ಇದೆಲ್ಲ ಶುರುವಾದದ್ದು ಸಂಡೂರಿನಲ್ಲಿ. ನನ್ನ ಹೆಂಡತಿ ಗಿರಿಜಾಳ ತಮ್ಮ ಬಸವರಾಜ ಅದಿರು ಸಾಗಿಸಲು ಎರಡು ಲಾರಿ ಬಿಟ್ಟಿದ್ದಾನೆ. ಈಗ ಲಾರಿ ಬಿಟ್ಟವರೆಲ್ಲ ಮನೆ ಕಟ್ಟಿಸುತ್ತಾರೆ, ಮನೆ ಕಟ್ಟಿಸಿದವರೆಲ್ಲ ಪಿಓಪಿ ಸೀಲಿಂಗ್ ಮಾಡಿಸುತ್ತಾರೆ. ಅವನ ಗೃಹಪ್ರವೇಶಕ್ಕೆ ಹೋದವಳು ಊಟದೆಲೆಯನ್ನೇ ನೋಡಲಿಲ್ಲ, ಛಾವಣಿ ನೋಡುತ್ತಾ ಕೂತಳು. ಅಲ್ಲಿ ಬಲ್ಬು ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಮೀನಿನ ತೊಟ್ಟಿಗೊಂದು ಲೈಟು. ಹಂಪಿಯ ಕಲ್ಲಿನ ರಥದ ಫೋಟೋಕ್ಕೊಂದು ಲೈಟು. ಪ್ಲಾಸ್ಟಿಕ್ ಬಿದಿರಿಗೂ ಒಂದು ಲೈಟು!

"ರೀ, ನಮ್ಮನಿ ಟ್ಯೂಬ್‌ಲೈಟ್ ನೋಡಿದ್ರ ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ ಆಗತೈತಿ" ಅಂದಳು, ಹೊಸಪೇಟೆಗೆ ವಾಪಸು ಬರುವ ದಾರಿಯಲ್ಲೇ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಸಾಕು. ಮರುದಿನವೇ ವೈರ್‌ಮನ್ ಖಾಜಾನನ್ನು ಕರೆಸಿದೆ.

ಖಾಜಾ ಟ್ಯೂಬ್‌ಲೈಟುಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ. ಮೂಲೆಗಳಲ್ಲಿ ಹಳದಿ ಮಂದ ದೀಪಗಳು ಬಂದವು. ಕೊನೆಗೆ ಮೂರು ಹ್ಯಾಲೋಜನ್ ಹಿಡಿದು ಏಣಿಯ ಮೇಲೆ ನಿಂತು ಒಂದು ಪ್ರಶ್ನೆ ಕೇಳಿದ.

"ಇವು ಯಾವುದರ ಮ್ಯಾಲ ಬೀಳಬೇಕ್ರಿ ಸರ?"

ನಾನು ಗಿರಿಜಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಬಸವರಾಜನಿಗೆ ರಥವಿತ್ತು, ಮೀನಿತ್ತು. ನಮಗೇನಿದೆ?

"ನೀ ಮೊದಲ ಹಾಕಪಾ. ಆಮ್ಯಾಲ ಏನರ ತರ್ತೀವಿ" ಅಂದಳು ಗಿರಿಜಾ.

ತೋರಿಸುವ ವಸ್ತುವಿಗಿಂತ ಮೊದಲು ತೋರಿಸುವ ಲೈಟು! ಅದಿರಿನ ಈ ಭರಾಟೆಯಲ್ಲಿ ಊರೇ ಹೀಗೆ ಓಡುತ್ತಿರುವಾಗ ನಮ್ಮದೊಂದು ಗೋಡೆ ಯಾವ ಲೆಕ್ಕ ಹೇಳಿ.

ಏನು ತೂಗುಹಾಕಬೇಕು ಅನ್ನುವ ಚರ್ಚೆ ತಿಂಗಳಾದರೂ ಮುಗಿಯಲಿಲ್ಲ. ನನ್ನ ಸನ್ಮಾನ ಪತ್ರ? (ಗಿರಿಜಾ ನಕ್ಕಳು.) ನಮ್ಮ ಮದುವೆಯ ಫೋಟೋ? (ನಾನು ನಗಲಿಲ್ಲ, ಧೈರ್ಯವಿರಲಿಲ್ಲ.) ಅಷ್ಟರಲ್ಲಿ ಲೈಟು ತನ್ನ ಕೆಲಸ ಶುರುಮಾಡಿತ್ತು. ಗಿಲಾವಿನ ಉಬ್ಬುತಗ್ಗು, ಮೇಲಿಂದ ಕೂತ ಅದಿರಿನ ಕೆಂಪು ಧೂಳು, ಎಲ್ಲವನ್ನೂ ಎತ್ತಿ ತೋರಿಸತೊಡಗಿತು. ಗಿರಿಜಾ ದಿನಾ ಆ ಗೋಡೆಯ ಮೈ ಒರೆಸುತ್ತಿದ್ದಳು.

ಇದರ ನಡುವೆ ಕಂಪ್ಲಿಗೆ ಕೊಟ್ಟ ಮಗಳು ವೀಣಾ ಬಾಣಂತನಕ್ಕೆ ಬಂದು ಮುದ್ದಾದ ಹೆಣ್ಣುಕೂಸು ಹಡೆದಳು. ಮನೆತುಂಬ ಸಂಭ್ರಮ! ಈ ಶುಕ್ರವಾರ ತೊಟ್ಟಿಲು ಅಂತ ನಿಶ್ಚಯವಾಯಿತು.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಹಾಕುವಾಗ ನನ್ನ ಅವ್ವ ಹೊಲಿದ ಕೌದಿ ಕೆಳಗಿರಬೇಕು. ಮನೆಮಂದಿಯ ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದ ಕೌದಿ. ನಾನು ಮಲಗಿದ್ದು ಅವ್ವನ ಕೌದಿಯ ಮೇಲೆ, ವೀಣಾ ಮಲಗಿದ್ದೂ ಅವಳೇ ಹೊಲಿದ ಇನ್ನೊಂದರ ಮೇಲೆ. ಈ ಸಲವೂ ಅವ್ವ ಶುರು ಮಾಡಿದ್ದಳು. ಅರ್ಧಕ್ಕೆ ಬಂದ ಕೌದಿಯನ್ನು ಇದ್ದಕ್ಕಿದ್ದಂತೆ ಮಡಚಿ ಟ್ರಂಕಿನಲ್ಲಿಟ್ಟುಬಿಟ್ಟಳು.

"ನನ್ನ ಕಣ್ಣು ಹೋದ್ವೋ ಯಪ್ಪಾ. ಸೂಜಿ ಪೋಣಸಾಕ ಆಗವಲ್ದು. ಅಂಗಡ್ಯಾಗಿಂದು ಯಾವುದರ ತಂದುಬಿಡ್ರಿ" ಅಂದಳು.

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಎಪ್ಪತ್ತಾರು ವರ್ಷದ ಅವ್ವ ಯಾವುದನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಅವಳಿಗೆ ವಯಸ್ಸಾಯಿತು ಅನ್ನುವುದನ್ನು ಆ ದಿನವೇ ನಾನು ಒಪ್ಪಿಕೊಂಡದ್ದು, ಒಪ್ಪಿಕೊಂಡು ಸುಮ್ಮನಾದದ್ದು. ಬುದ್ಧಿವಂತ ನಾನು!

ಆಗ ಬಂದವರೇ ಪದ್ಮಕ್ಕ, ಇಲ್ಲದ ದೇವರಿಗೆ ಕೈ ಮುಗಿದವರು. ಮುಗಿದು ಸೀದಾ ಅವ್ವನ ಹತ್ತಿರ ಹೋಗಿ, "ಅಜ್ಜೀ, ಕೌದಿ ಎಲ್ಲಿಗೆ ಬಂತ್ರಿ?" ಅಂದರು. ಅವ್ವ ಕಣ್ಣಿನ ಕತೆ ಹೇಳಿದಳು. ಪದ್ಮಕ್ಕ ಸುತ್ತ ನೋಡಿದರು. ಲಾರಿ ಧೂಳಿಗೆ ಹೆದರಿ ಹಗಲೂ ಮುಚ್ಚಿಟ್ಟ ಕಿಟಕಿಗಳು. ಮೂಲೆಗಳಲ್ಲಿ ಹಳದಿ ಮಿಣಮಿಣ.

"ಅಯ್ಯ, ಈ ಕತ್ತಲದಾಗ ನನಗೂ ಕಾಣಂಗಿಲ್ಲ ಬಿಡ್ರಿ! ನಿಮ್ಮ ಕಣ್ಣು ಹೋಗಿಲ್ಲ, ಇವರು ಲೈಟ್ ತಗದಾರ. ದೇವ್ರಿಲ್ಲದ ಗೋಡಿಗೆ ಇಷ್ಟ್ಯಾಕ್ರಿ ಬೆಳಕು? ಏಳ್ರಿ, ಬರ್ರಿ ಇಲ್ಲಿ."

ಚಾಪೆ ಎಳೆದು ಆ ಖಾಲಿ ಗೋಡೆಯ ಬುಡಕ್ಕೆ ಹಾಸಿದರು. ಅವ್ವನನ್ನು ಕೈ ಹಿಡಿದು ಕೂರಿಸಿದರು. ಟ್ರಂಕಿನಿಂದ ಕೌದಿ ಬಂತು. ಅವ್ವ ದಾರದ ತುದಿ ನಾಲಿಗೆಗೆ ತಾಗಿಸಿ, ಸೂಜಿ ಎತ್ತಿ ಹಿಡಿದಳು. ನಾವೆಲ್ಲ ಸುತ್ತ ಬಂದು ನಿಂತೆವು.

ಒಂದೇ ಸಲಕ್ಕೆ ಪೋಣಿಸಿದಳು!

"ಕಂಡ್ತಲೇ! ಕಂಡ್ತು!" ಅಂತ ಅವ್ವ ಕೂಗಿದ್ದಕ್ಕೆ ಒಳಗೆ ಮಲಗಿದ್ದ ಕೂಸು ಎದ್ದು ಅತ್ತಿತು. ಗಿರಿಜಾ ನಗುತ್ತಲೇ ಕಣ್ಣೊರೆಸಿಕೊಂಡಳು. ನಾನು ಛಾವಣಿ ನೋಡುತ್ತಾ ನಿಂತೆ, ನನ್ನ ಕಣ್ಣೂ ಸರಿ ಇರಲಿಲ್ಲ.

ಆಮೇಲಿನ ಮೂರು ದಿನ ನಮ್ಮ ಹಾಲ್ ಜಾತ್ರೆ. ಹಗಲೂ ಫೋಕಸ್ ಲೈಟು ಉರಿಯಿತು. ಹ್ಯಾಲೋಜನ್ ಕಾವಿಗೆ ಅವ್ವನ ನೆತ್ತಿ ಬಿಸಿಯಾದರೆ ವೀಣಾ ಬೀಸಣಿಗೆ ಹಿಡಿದಳು. ಕರೆಂಟ್ ಹೋದಾಗ ಅವ್ವ ಸೂಜಿ ಕೌದಿಗೆ ಚುಚ್ಚಿಟ್ಟು, ಕೆ.ಇ.ಬಿ.ಯವರನ್ನು ವಂಶ ಸಮೇತ ಬೈದಳು. ಓಣಿಯ ಹೆಂಗಸರು ಕೈಗೊಂದು ಅಂಚು ಹಿಡಿದು ಕೂತರು. ಗುರುವಾರ ಸಂಜೆ ಕೊನೆಯ ಮೂಲೆ ಮುಚ್ಚುವ ಮುಂಚೆ ಗಿರಿಜಾ ಒಂದು ಚೂರು ಹೋಳಿಗೆ ತಂದುಕೊಟ್ಟಳು. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಅವ್ವ ಅದನ್ನು ಪದರದೊಳಗೆ ಇಟ್ಟು ಹೊಲಿಗೆ ಮುಗಿಸಿದಳು.

ಶುಕ್ರವಾರ ಕಂಪ್ಲಿಯ ಬೀಗರ ಮುಂದೆ ನಮ್ಮ ಕೂಸು ಆ ಕೌದಿಯ ಮೇಲೆ ಮಹಾರಾಣಿಯಂತೆ ಮಲಗಿತು. ಹೆಸರು ಕರೆದದ್ದೂ ಆಯಿತು, ಕೂಸಿನ ನಿದ್ದೆ ಕೆಡಲಿಲ್ಲ.

ಬಸವರಾಜನೂ ಬಂದಿದ್ದ. ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ನಮ್ಮ ಖಾಲಿ ಗೋಡೆ ನೋಡಿದ, ಲೈಟು ನೋಡಿದ. ಮುಖ ಅರಳಿತು.

"ಮಾಮಾ, ತಡೀರಿ! ಇದನ್ನ ಫ್ರೇಮ್ ಹಾಕ್ಸಿ ಆ ಗೋಡಿಗೆ ಹಚ್ಚಿಬಿಡ್ರಿ. ಮ್ಯಾಲ ಮೂರು ಫೋಕಸ್! ಭಾಳ ಮಸ್ತ್ ಕಾಣತೈತಿ."

ಗಿರಿಜಾಳ ಕಣ್ಣು ಮಿಂಚಿತು. ತಿಂಗಳಿಂದ ಹುಡುಕುತ್ತಿದ್ದದ್ದು ಕಡೆಗೂ ಸಿಕ್ಕಿತ್ತು. ಇಬ್ಬರೂ ಅವ್ವನ ಮುಖ ನೋಡಿದರು.

ಅವ್ವ ತೊಟ್ಟಿಲು ತೂಗುವುದನ್ನು ನಿಲ್ಲಿಸಲೂ ಇಲ್ಲ.

"ಯಾಕಪಾ, ಗೋಡಿಗೇನ್ ಥಂಡಿ ಹತ್ತೈತೇನು?"